ತಿಪ್ಪಕ್ಕನ ಬೀನ್ಸ್ ಪಲ್ಯ ಉಂಡವರು

ತಿಪ್ಪಕ್ಕನಿಗೆ ಗಾದಿಗನೂರಿನಲ್ಲಿ ಹೆಸರು ತಂದದ್ದು ಹೊಲವಲ್ಲ, ಮನೆಯಲ್ಲ, ಬೀನ್ಸ್ ಪಲ್ಯ. ಬಂಡ್ರಿಯಿಂದ ಸೊಸೆಯಾಗಿ ಬಂದಾಗ ಅವಳಿಗೆ ರೊಟ್ಟಿ ನೆಟ್ಟಗೆ ಬಡಿಯಲೂ ಬರುತ್ತಿರಲಿಲ್ಲ. ಅತ್ತೆ ಸಾಯುವ ತನಕ ಅದನ್ನು ಎತ್ತಿ ಆಡಿದ್ದೇ ಆಡಿದ್ದು. ಆದರೆ ಪಲ್ಯ ಒಲೆಯಿಂದ ಇಳಿಯಿತೆಂದರೆ ಅದೇ ಅತ್ತೆ ತೆಪ್ಪಗೆ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಳು.

ಬೀನ್ಸನ್ನು ಅವಳು ಈಳಿಗೆಗೆ ಕೊಡುತ್ತಿರಲಿಲ್ಲ. ಹೊಸಪೇಟೆ ಮಾರ್ಕೆಟ್ಟಿನಿಂದ ತಂದ ಕಾಯನ್ನು ಒಂದೊಂದಾಗಿ ಕೈಯಲ್ಲೇ ಮುರಿಯಬೇಕು, ಮುರಿದಾಗ ಟಕ್ ಎನ್ನಬೇಕು. ಸದ್ದು ಮಾಡದೆ ಬಾಗಿದ ಕಾಯಿ ಪಕ್ಕದ ಮನೆಯ ಎಮ್ಮೆಯ ಪಾಲು. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ ಸಿಡಿದ ಮೇಲೆ ಕುಟ್ಟಿದ ಹಸಿಮೆಣಸಿನಕಾಯಿ, ಸಿಪ್ಪೆ ಸಮೇತ ಜಜ್ಜಿದ ಬೆಳ್ಳುಳ್ಳಿ, ಆಮೇಲೆ ಮುರಿದ ಬೀನ್ಸ್ ಕಾಯಿ. ಒಳಗೆ ಒಂದು ಹನಿ ನೀರು ಬೀಳುವಂತಿಲ್ಲ. ಮುಚ್ಚಿದ ತಟ್ಟೆಯ ಮೇಲಷ್ಟೇ ನೀರು ನಿಲ್ಲಿಸಿ, ಕಾಯಿ ತನ್ನ ಬೆವರಿನಲ್ಲೇ ಬೇಯುವಂತೆ ಮಾಡಬೇಕು. ಬೆಂದರೂ ಹಸಿರು ಮಾಸಬಾರದು. ಇಳಿಸುವಾಗ ಹುರಿದ ಗುರೆಳ್ಳಿನ ಪುಡಿ ಉದುರಿಸಿದರೆ ಓಣಿಯ ಕೊನೆಯ ಮನೆಗೂ ಗೊತ್ತಾಗುತ್ತಿತ್ತು. ಯಾರಾದರೂ ನೀರು ಸುರಿದು ಬೇಯಿಸಿದ ಬೀನ್ಸ್ ಬಡಿಸಿದರೆ, "ಇದು ಪಲ್ಯ ಅಲ್ಲವ್ವ, ದನದ ಕಲಗಚ್ಚು" ಎಂದು ಮುಖಕ್ಕೇ ಹೇಳಿಬಿಡುತ್ತಿದ್ದಳು. ಅಷ್ಟು ಸೊಕ್ಕು ಅವಳಿಗಿತ್ತು, ಇರಲಿ, ಅದೊಂದಾದರೂ ಇತ್ತಲ್ಲ.

ಗಂಡ ಕೆಂಚಣ್ಣ ತೋರಣಗಲ್ಲಿನ ಆಚೆ ಅದಿರಿನ ಲಾರಿಗಳಿಗೆ ತಾಡಪಾಲು ಕಟ್ಟುವ ಗ್ಯಾಂಗಿನಲ್ಲಿದ್ದ. ಬೆಳಿಗ್ಗೆ ಪ್ರೈವೇಟ್ ಬಸ್ಸು ಹತ್ತಿ ಹೋದವನು ಸಂಜೆ ಕೆಮ್ಮಣ್ಣು ಮೆತ್ತಿಕೊಂಡು ಇಳಿಯುತ್ತಿದ್ದ. ಮಕ್ಕಳಾಗದ ಆ ಮನೆಯಲ್ಲಿ ಉಣಿಸಿ ನೋಡಿ ಸಂತೋಷಪಡಲು ಅವಳಿಗಿದ್ದವನು ಅವನೊಬ್ಬನೇ. ಅವನೋ ಮಾತು ಕಡಿಮೆಯ ಮನುಷ್ಯ. ಬಾಯಲ್ಲಿ ಸದಾ ಗುಟ್ಕಾ ಇದ್ದವನಿಗೆ ಮಾತಾದರೂ ಎಲ್ಲಿಂದ ಬರಬೇಕು? ಹಾಗಾಗಿ ತಿಪ್ಪಕ್ಕ ಅವನನ್ನು ಕೇಳುವುದು ಬಿಟ್ಟು ಬುತ್ತಿಯ ಡಬ್ಬಿಯನ್ನು ಕೇಳುತ್ತಿದ್ದಳು. ಸಂಜೆ ಮುಚ್ಚಳ ತೆಗೆದರೆ ಡಬ್ಬಿ ನೆಕ್ಕಿಟ್ಟಂತೆ ಖಾಲಿ. ಉಂಡಿದ್ದಾನೆ ಎಂದು ಅವಳ ಹೊಟ್ಟೆ ತುಂಬುತ್ತಿತ್ತು.

ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಒಂದು ಹೊಸ ಸಂಗತಿ ನಡೆಯಿತು. ಎಂದೂ ಅಡುಗೆಯ ಮಾತೆತ್ತದವನು ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಬೀನ್ಸಿಗೆ ಖಾರ ಇನ್ನೊಂಚೂರು ಜಾಸ್ತಿ ಹಾಕು. ಬಳ್ಳೊಳ್ಳಿನೂ" ಎಂದ. ತಿಪ್ಪಕ್ಕನಿಗೆ ಹಿಗ್ಗೋ ಹಿಗ್ಗು. ನಲ್ಲಿಯ ಹತ್ತಿರ ನಿಂತ ಹೆಂಗಸರಿಗೆಲ್ಲ, "ನಮ್ಮನಿಯಾಂವಗ ಈಗ ನಾಲಿಗಿ ಬಂತು ನೋಡ್ರಿ" ಎಂದು ಸಾರಿ ಬಂದಳು. ಕೆಲವು ದಿನಕ್ಕೆ ಮತ್ತೆ ಅದೇ ಬೇಡಿಕೆ. ಮತ್ತಷ್ಟು ಮೆಣಸಿನಕಾಯಿ ಬಿತ್ತು. ಕುಟ್ಟುವಾಗ ಅವಳ ಕಣ್ಣಲ್ಲೇ ನೀರು ಬರುತ್ತಿತ್ತು, ಆದರೂ ಕೈ ಹಿಂದೆಗೆಯಲಿಲ್ಲ.

ಮನೆಯಲ್ಲಿ ಮಾತ್ರ ಅವನು ಹಾಲನ್ನ ಕಲಸಿಕೊಳ್ಳುತ್ತಿದ್ದ. "ಅಲ್ಲೇ ಹೊಟ್ಟಿ ತುಂಬ ಉಂಡೀನಿ, ಸಾಕು" ಎನ್ನುವನು. ರಜೆಯ ದಿನ ರೊಟ್ಟಿ ಮುಂದಿಟ್ಟರೆ ಹಲ್ಲು ಜುಮ್ಮೆನ್ನುತ್ತದೆ ಎಂದು ಸರಿಸುವನು. ಅವಳು ಲವಂಗ ಕೊಟ್ಟಳು. ಅವನು ಸೊರಗಿ ಇಳಿದು ಹೋಗುತ್ತಿದ್ದ, ಅವಳು ಅದನ್ನು ಬಿಸಿಲಿನ ಮೇಲೆ ಹಾಕಿದಳು. ಆಕಳಿಸುವಾಗ ಬಾಯಿ ಅರ್ಧಕ್ಕೇ ನಿಲ್ಲುತ್ತಿತ್ತು. ಹೆಂಡತಿಯಾದವಳಿಗೆ ಅದೂ ಕಾಣಲಿಲ್ಲವೇ ಎಂದು ಈಗ ಕೇಳುವವರು ಕೇಳಲಿ. ದಿನಾ ಡಬ್ಬಿ ಖಾಲಿ ಬರುವ ಮನೆಯಲ್ಲಿ ಗಂಡನ ಬಾಯಿ ತೆರೆಸಿ ನೋಡುವವರು ಯಾರಿದ್ದಾರೆ?

ಕೆನ್ನೆ ಊದಿ ಕೀವು ಬಂದ ಮೇಲೆ ದವಾಖಾನೆಗೆ ಹೋದರು. ಡಾಕ್ಟರು ಬಾಯೊಳಗೆ ಬೆರಳು ತೂರಿಸಲು ನೋಡಿದರು, ಒಂದು ಬೆರಳೂ ಹೋಗಲಿಲ್ಲ. ಇವರಿಗೆ ಊಟ ಸೇರದೆ ಎಷ್ಟು ದಿನವಾಯಿತು ಎಂದು ತಿಪ್ಪಕ್ಕನನ್ನೇ ಕೇಳಿದರು.

"ಮೊನ್ನೆ ಮೊನ್ನೆ ತನಕ ಚಲೋ ಉಂಡಾನ್ರಿ ಸಾಹೇಬ್ರ. ಖಾರದ ಪಲ್ಯ, ಕಟಕ್ ರೊಟ್ಟಿ, ಡಬ್ಬಿ ಖಾಲಿ ಮಾಡಿ ತರ್ತಿದ್ದ" ಎಂದಳು ಅವಳು. ಕೆಂಚಣ್ಣ ನೆಲ ನೋಡುತ್ತ ಕುಳಿತಿದ್ದ. ಡಾಕ್ಟರು ಅವಳ ಮುಖವನ್ನು ಒಮ್ಮೆ ನೋಡಿದರು, ಬರೆದುಕೊಳ್ಳುವುದನ್ನು ಬಿಟ್ಟರು. ಬಾಯಿಯ ಕ್ಯಾನ್ಸರು, ಗಂಟಲಿಗೂ ಇಳಿದಿತ್ತು. ಒಂದು ವರ್ಷ ಮೊದಲು ಬಂದಿದ್ದರೆ ಕೊಯ್ದು ತೆಗೆಯಬಹುದಿತ್ತು ಎಂದರು. ಮೂಗಿನಲ್ಲಿ ನಳಿಕೆ ಹಾಕಿ ಮನೆಗೆ ಕಳಿಸಿದರು.

ಗ್ಯಾಂಗಿನ ಉಚ್ಚೆಂಗೆಪ್ಪ ನೋಡಲು ಬಂದದ್ದು ಆಮೇಲೆ. ಬಾಳೆಹಣ್ಣು ತಂದಿದ್ದ, ತಿನ್ನಲಾಗದವನ ಎದುರು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಕುಳಿತ. ಕೆಂಚಣ್ಣ ನಿದ್ದೆಯಲ್ಲಿದ್ದ. ಏನಾದರೂ ಒಳ್ಳೆಯ ಮಾತಾಡೋಣ ಎಂದು ಉಚ್ಚೆಂಗೆಪ್ಪ ಬಾಯಿ ತೆರೆದ. ಒಳ್ಳೆಯವರ ಒಳ್ಳೆಯ ಮಾತೇ ಕೆಲವೊಮ್ಮೆ ಕೊಡಲಿಯಾಗುತ್ತದೆ.

"ಅಕ್ಕ, ನಿಮ್ಮ ಬೀನ್ಸ್ ಪಲ್ಯ ಇಲ್ದ ನಮ್ಮ ಗ್ಯಾಂಗಿಗೆ ಊಟನ ಸೇರವಲ್ದಾಗೈತಿ ನೋಡ್ರಿ. ವರ್ಷಗಟ್ಲೆ ಉಂಡ ಋಣ ಐತಿ."

"ಹಂಚಿಕೊಂಡು ಉಣ್ತಿದ್ರೇನು?" ತಿಪ್ಪಕ್ಕನ ಮುಖ ಅಷ್ಟು ದಿನದ ಮೇಲೆ ಅರಳಿತು.

"ಹಂಚಿಕೊಳ್ಳೋದೆಲ್ಲಿ ಬಂತಕ್ಕ, ಪೂರಾ ಡಬ್ಬಿ ನಮಗ ಕೊಡ್ತಿದ್ದ. ನಂಗ ಬಾಯಿ ಹುಣ್ಣು, ಖಾರ ಹತ್ತಿದ್ರ ಜೀವ ಹೋಗ್ತದ, ನೀವು ಉಣ್ರಿ ಅಂತಿದ್ದ. ತಾನು ಚಾದಾಗ ಬ್ರೆಡ್ಡು ಅದ್ದಿ ನುಂಗ್ತಿದ್ದ, ಪಾಪ. ನಾವೂ ಭಾಳ ನಾಚಿಕಿ ಇಲ್ದ ಮಂದಿ, ಅಕ್ಕಗ ಖಾರ ಜಾಸ್ತಿ ಹಾಕಾಕ ಹೇಳಣ್ಣ ಅಂತ ನಾವ ಹೇಳಿ ಕಳಸ್ತಿದ್ವಿ."

ತಿಪ್ಪಕ್ಕ ಎದ್ದು ಹೋಗಿ ಒಲೆಯ ಮುಂದೆ ಕುಳಿತಳು. ಎದೆಯೊಳಗೆ ಯಾರೋ ಮೆಣಸಿನಕಾಯಿ ಕುಟ್ಟಿದಂತೆ ಉರಿಯಿತು. ಉಚ್ಚೆಂಗೆಪ್ಪನ ಮೇಲೆ ಅವಳಿಗೆ ಸಿಟ್ಟು ಬಂತು, ಆಮೇಲೆ ಗಂಡನ ಮೇಲೆ ಬಂತು, ಕೊನೆಗೆ ತನ್ನ ಮೇಲೆ ಬಂದು ಅಲ್ಲೇ ನಿಂತಿತು. ಡಾಕ್ಟರ ಮುಂದೆ ತಾನು ಎಷ್ಟು ಜಂಬದಿಂದ ಹೇಳಿದ್ದೆ ಎಂದು ನೆನೆದು ಹಣೆ ಗಟ್ಟಿಸಿಕೊಂಡಳು. ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಗಿತ್ತು ಅವಳ ಪಾಡು.

ಉಚ್ಚೆಂಗೆಪ್ಪ ಹೋದ ಮೇಲೆ, ಕೆಂಚಣ್ಣ ಕಣ್ಣು ಬಿಟ್ಟಾಗ ಕೇಳಿದಳು.

"ಯಾಕ ಹೇಳಲಿಲ್ಲ ನನಗ? ಪಲ್ಯ ಮಣ್ಣಿಗೆ ಹೋಗಲಿ, ಉಣ್ಣಾಕ ಬರವಲ್ದು ಅಂತ ಒಂದು ಮಾತು ಹೇಳಿದ್ರ ಆಗ ಎಳಕೊಂಡು ಹೋಗ್ತಿದ್ದೆ."

ಅವನ ಮಾತು ಹಲ್ಲಿನ ಸಂದಿಯಿಂದ ನುಸುಳಿ ಬರುತ್ತಿತ್ತು. ಅವಳು ಕಿವಿಯನ್ನು ಅವನ ಬಾಯಿಗೆ ಹತ್ತಿರ ತಂದಳು.

"ಅದಕ್ಕ ಹೇಳಲಿಲ್ಲ. ನೀ ಎಳಕೊಂಡು ಹೋಗ್ತಿದ್ದಿ. ಅವರು ಜಡ್ಡಿನ ಹೆಸರು ಹೇಳ್ತಿದ್ರು. ನಂಗ ಹೆದರಿಕಿ ಇತ್ತು."

ಹೆದರಿಕೆ! ಬೆಟ್ಟದಷ್ಟು ಅದಿರಿನ ಮೇಲೆ ಹಗ್ಗ ಹಿಡಿದು ನಿಲ್ಲುತ್ತಿದ್ದವನಿಗೆ ಒಂದು ಹೆಸರಿನ ಹೆದರಿಕೆ. ತಿಪ್ಪಕ್ಕ ಅವನನ್ನು ಬಯ್ಯಲು ಬಾಯಿ ತೆರೆದು ಅಳತೊಡಗಿದಳು. ಅವನು ಅವಳ ಕೈ ಹಿಡಿದುಕೊಂಡ. ಮುಂಗಾರು ಬೀಳುವ ಮೊದಲೇ ಹೋಗಿಬಿಟ್ಟ.

ದಿವಸದ ಕಾರ್ಯದಲ್ಲಿ ಕೆಂಚಣ್ಣನ ಅಕ್ಕ ಪಕೀರಮ್ಮ ಯಜಮಾನಿಕೆ ವಹಿಸಿದಳು. ಸತ್ತವನಿಗೆ ಇಷ್ಟವಾದದ್ದನ್ನು ಎಡೆ ಇಡಬೇಕು, ಕಾಗೆ ಮುಟ್ಟಬೇಕು, ಮುಟ್ಟಿದರೆ ಅವನು ಉಂಡಂತೆ. ಇಷ್ಟದ್ದು ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಬೀನ್ಸು ಆಗಲೇ ಬಂದು ಮೂಲೆಯಲ್ಲಿ ಬಿದ್ದಿತ್ತು.

"ಅಕ್ಕ, ಅದು ಬ್ಯಾಡ. ಹಾಲನ್ನ ಇಡೋಣ" ಎಂದಳು ತಿಪ್ಪಕ್ಕ.

"ಏನಂತ ಮಾತಾಡ್ತೀಯವ್ವ? ಹಾಲನ್ನ ಕೂಸಿಗೆ ಇಡ್ತಾರ. ಪಲ್ಯ ಅಂದ್ರ ಜೀವ ಬಿಡ್ತಿದ್ದ ನನ್ನ ತಮ್ಮ. ಖಾರ ಕೇಳಿ ಹಾಕಿಸಿಕೊಳ್ತಾನ ಅಂತ ಊರ ತುಂಬ ನೀನ ಹೇಳಿಕೋಂತ ತಿರುಗಿದ್ದಿ."

ತಾನೇ ಸಾರಿದ ಸುದ್ದಿ, ಈಗ ಸುಳ್ಳೆಂದು ಹೇಗೆ ಹೇಳುವುದು? ಹೇಳಿದರೆ ಗಂಡ ವರ್ಷಗಟ್ಟಲೆ ಹಸಿದಿದ್ದ, ಹೆಂಡತಿಗೆ ಗೊತ್ತೇ ಇರಲಿಲ್ಲ ಎಂದೂ ಹೇಳಬೇಕು. ತಿಪ್ಪಕ್ಕ ಬೀನ್ಸು ಮುರಿಯಲು ಕುಳಿತಳು. ಮೆಣಸಿನಕಾಯಿ ಬಿಟ್ಟು ಒಗ್ಗರಣೆ ಕೊಟ್ಟಳು. ಪಕೀರಮ್ಮ ಬಗ್ಗಿ ನೋಡಿ, "ಖಾರ ಎಲ್ಲೈತಿ?" ಎಂದು ತಾನೇ ಒಂದು ಹಿಡಿ ಕುಟ್ಟಿ ಹಾಕಿದಳು. ತಿಪ್ಪಕ್ಕ ತಡೆಯಲಿಲ್ಲ. ತಡೆಯುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಮಣ್ಣು ಮಾಡಿದ ಜಾಗದಲ್ಲಿ ಎಲೆ ಹಾಕಿದರು. ಅನ್ನ, ಹೋಳಿಗೆ, ರೊಟ್ಟಿ, ನಡುವೆ ಹಸಿರಾಗಿ ಪಲ್ಯ. ಯಾರೋ ಒಬ್ಬ, ಅವನಿಗೆ ಇಷ್ಟವಾಗಿತ್ತು ಎಂದು ಗುಟ್ಕಾದ ಪೊಟ್ಟಣವೊಂದನ್ನೂ ಎಲೆಯ ಮೇಲಿಟ್ಟ. ಅದನ್ನು ಮಾತ್ರ ತಿಪ್ಪಕ್ಕ ಎತ್ತಿ ಜಾಲಿಗಿಡದ ಆಚೆ ಎಸೆದಳು. ಎಡೆಯಲ್ಲಿಟ್ಟದ್ದನ್ನು ಎಸೆಯುತ್ತಾರೆಯೇ ಎಂದು ಜನ ಗೊಣಗಿದರು. ಗೊಣಗಲಿ.

ಎಲ್ಲರೂ ದೂರ ಸರಿದು ನಿಂತರು. ಬಿಸಿಲು ಏರುತ್ತಿತ್ತು. ಬಹಳ ಹೊತ್ತಿನ ಮೇಲೆ ಒಂದು ಕಾಗೆ ಇಳಿದು ಎಲೆಯ ಸುತ್ತ ಕುಪ್ಪಳಿಸಿತು. ಹೋಳಿಗೆಯನ್ನು ಬಿಟ್ಟಿತು, ಅನ್ನವನ್ನು ಬಿಟ್ಟಿತು. ಕೊಕ್ಕು ತುಂಬ ಬೀನ್ಸು ಕಚ್ಚಿಕೊಂಡು ಹಾರಿತು. ಅದರ ಹಿಂದೆ ಇನ್ನೂ ನಾಲ್ಕಾರು ಬಂದು ಪಲ್ಯಕ್ಕೇ ಮುಗಿಬಿದ್ದವು. ಪಕೀರಮ್ಮ ಎರಡೂ ಕೈ ಎತ್ತಿ ಮುಗಿದು ಗೊಳೋ ಎಂದು ಅತ್ತಳು.

"ಉಂಡ ನೋಡ್ರೆವ್ವ ನನ್ನ ತಮ್ಮ! ಹೇಂತಿ ಕೈಯಿನ ಪಲ್ಯನ ಮೊದಲು ಮುಟ್ಟಿದ. ಪೂರಾ ಖಾಲಿ ಮಾಡಿದ!"

ಹೆಂಗಸರೆಲ್ಲ ತಿಪ್ಪಕ್ಕನ ಕಡೆ ತಿರುಗಿದರು, ಇನ್ನಾದರೂ ಇವಳ ಮನಸ್ಸು ತಣ್ಣಗಾಗಲಿ ಎಂಬಂತೆ. ಗುಂಪಿನ ಹಿಂದೆ ನಿಂತಿದ್ದ ಉಚ್ಚೆಂಗೆಪ್ಪ ತಲೆ ತಗ್ಗಿಸಿದ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ತಿಪ್ಪಕ್ಕ ಆ ಕಾಗೆಗಳನ್ನೇ ನೋಡುತ್ತಿದ್ದಳು.

"ಅಂವ ಉಣ್ಣಲಿಲ್ಲಕ್ಕ," ಎಂದಳು. "ಇದನ್ನೂ ಬ್ಯಾರೆಯವರ ಉಂಡ್ರು."