ಕುರಾಹಾಶಿಯವರ ಕೈಗುಣ

ಜಪಾನಿನ ಮಾತ್ಸುಯೆ ಪಟ್ಟಣದ ಈ ಓಣಿಗೆ ಶಾಲೆಯ ಮೇಷ್ಟ್ರಾದ ನಾನು ಬಾಡಿಗೆಗೆ ಬಂದ ದಿನ, ಪಕ್ಕದ ಮನೆಯ ಕುರಾಹಾಶಿಯವರು ತಮ್ಮ ಹಳೆಯ ಕಾರಿನ ಬಾನೆಟ್ ಎತ್ತಿ, ಇಂಜಿನ್ನಿಗೆ ಪೆಟ್ರೋಲು-ಗಾಳಿ ಬೆರೆಸಿ ಕೊಡುವ ಕಾರ್ಬುರೇಟರನ್ನು ಬೈಯುತ್ತಿದ್ದರು: "ಎದುರುಮನೆ ಮಿನೋಬೆ ಗಾಡಿ ಬೆಕ್ಕಿನ ಹಾಗೆ ಗುರುಗುಟ್ಟುತ್ತೆ, ನೀನು ಮಾತ್ರ ಕೆಮ್ಮಿ ಕೆಮ್ಮಿ ಸಾಯ್ತೀಯ!" ತೋಫು, ಅಂದರೆ ಸೋಯಾ ಪನೀರು, ಮಾರುವ ಮಿನೋಬೆಯ ಕಾರೂ ಅದೇ ಕಾಲದ್ದು, ಇಂಜಿನ್ ಓಡುತ್ತಿರುವಾಗ ಬಾನೆಟ್ಟಿನ ಮೇಲೆ ಚಹಾ ಇಟ್ಟರೂ ತುಳುಕುತ್ತಿರಲಿಲ್ಲ. ಇವರದು ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಗಡಗಡ ನಡುಗಿ ಆರಿಹೋಗುತ್ತಿತ್ತು. ಅದಕ್ಕೇ ಅವರ ಹೆಂಡತಿ ಸುಮಿಯೆ ಊರಾಚೆಯ ಬಿಸಿನೀರಿನ ಬುಗ್ಗೆಯ ಸ್ನಾನಕ್ಕೆ ಮಿನೋಬೆಯ ಕಾರಿನಲ್ಲೇ ಹೋಗುತ್ತಿದ್ದರು. ಅದು ತಿರುವು ದಾಟುವವರೆಗೆ ದಿಟ್ಟಿಸಿ ನೋಡಿ, ಕುರಾಹಾಶಿಯವರು ಕಾರ್ಬುರೇಟರಿನ ಸ್ಕ್ರೂವನ್ನು ಇನ್ನಷ್ಟು ತಿರುಗಿಸುತ್ತಿದ್ದರು. "ಅಣ್ಣಾ, ಸ್ಕ್ರೂ ತಪ್ಪಲ್ಲ. ರಬ್ಬರ್ ಪೈಪು ಸೀಳಿದೆ, ಗಾಳಿ ನುಗ್ತಿದೆ," ಎಂದು ಮಿನೋಬೆ ಹೇಳಿದರೆ, "ನಿನ್ನ ತೋಫು ಹುಳಿಯಾಗಿದೆಯಾ ನೋಡ್ಕೋ ಹೋಗು!" ಎನ್ನುತ್ತಿದ್ದರು. ಕಡೆಗೆ ಸುಮಿಯೆಯೇ ಗಂಡನಿಲ್ಲದಾಗ ಮಿನೋಬೆಯಿಂದ ಹೊಸ ಪೈಪು ಹಾಕಿಸಿದರು. ಕಾರು ಗುರುಗುಟ್ಟಿತು. "ನೋಡಿದ್ರಾ ಮೇಷ್ಟ್ರೇ, ನನ್ನ ಕೈಗುಣ!" ಎಂದು ಕುರಾಹಾಶಿಯವರು ಓಣಿಯೆಲ್ಲ ಬೀಗಿದರು. ಕೈಗುಣ ಯಾರದೆಂದು ತಿಳಿದ ಸಂಜೆಯೇ ಹೊಸದನ್ನು ಕಿತ್ತೆಸೆದು, ಸೀಳಿದ ಪೈಪನ್ನೇ ಮತ್ತೆ ಸಿಕ್ಕಿಸಿದರು. "ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಬಿಡಿ ಮೇಷ್ಟ್ರೇ," ಎಂದು ನಕ್ಕ ಸುಮಿಯೆ, ಮರುದಿನ ಮಿನೋಬೆಯ ಕಾರು ಹತ್ತದೆ ಗಂಡನ ಪಕ್ಕದಲ್ಲಿ ಕುಳಿತರು. ಅಂದಿನಿಂದ ಕೆಂಪು ದೀಪ ಬಿದ್ದಾಗಲೆಲ್ಲ, ಇಂಜಿನ್ ಆರದಂತೆ ಚೋಕ್ ಗುಂಡಿಯನ್ನು ಎಳೆದು, ಅದು ಹಿಂದೆ ಸರಿಯದ ಹಾಗೆ ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಸಿಕ್ಕಿಸಿ, "ಹೂಂ, ಈಗ ಕೆಮ್ಮಲ್ಲ," ಎನ್ನುವುದು ಸುಮಿಯೆಯವರ ಕೆಲಸ. ಈಗೀಗ ಕುರಾಹಾಶಿಯವರು ಹಸಿರು ದೀಪ ಕಂಡರೂ ವೇಗ ತಗ್ಗಿಸಿ, ಅದು ಕೆಂಪಾಗಲೆಂದು ಕಾಯುತ್ತಾರೆ.