ಆಲೂಗಡ್ಡೆಗೆ ಹೊದಿಸಿದ ಕಂಬಳಿ

ಅತಿಥಿಗಳ ಮುಂದೆ ನಕ್ಕು ನಕ್ಕು ಎವಾರಿಸ್ತಾಳ ದವಡೆ ಸೋತುಹೋಗಿತ್ತು. ಹನ್ನೊಂದು ವರ್ಷದಿಂದ ಊರಿಗೆ ಬರುವ ಪ್ರವಾಸಿಗಳನ್ನು ಮನೆಮನೆಗೆ ಹಂಚುವ ಸರದಿಯ ಪ್ರಕಾರ ಅವಳ ಮನೆಗೆ ಯಾರಾದರೊಬ್ಬ ಪರದೇಶಿ ಬಂದಿಳಿಯುತ್ತಲೇ ಇದ್ದ. ಬಂದವರಿಗೆ ಒಳ್ಳೆಯ ಕೋಣೆ, ಬಿಸಿನೀರು, ಮೊದಲ ಬಟ್ಟಲು ಸಾರು. ಅವಳ ಮಂಡಿನೋವನ್ನು ಕೇಳುವವರು ಯಾರು? ಈ ಸಲ ಬಂದ ಯೋನಾಸ್ ಒಳ್ಳೆಯವನೇ, ಆದರೆ ಬೆಳಗಾದರೆ ‘ಅಮ್ಮಾ, ನಾನೇನು ಮಾಡಲಿ?’ ಎಂದು ಬೆನ್ನು ಹತ್ತುತ್ತಿದ್ದ. ಅವನ ಸ್ಪ್ಯಾನಿಷ್ ಮಾತನ್ನು ಮಗಳು ನಿಲ್ದಾ ತಮ್ಮ ಮನೆಮಾತಾದ ಕೆಚ್ವಾಕ್ಕೆ ತಿರುಗಿಸಿ ಹೇಳಬೇಕು. ಸುಮ್ಮನೆ ಕೂತರೆ ಸಾಕಪ್ಪಾ ಎಂದು ಅವಳಿಗೆ ಅನ್ನಿಸುತ್ತಿತ್ತು.

ಜೂನ್ ತಿಂಗಳು, ಆ ಸೀಮೆಯಲ್ಲಿ ಕಡು ಚಳಿಗಾಲ. ಗುಡ್ಡದ ಮೇಲಿನ ಬಯಲಲ್ಲಿ ಇಡೀ ವರ್ಷದ ಆಲೂಗಡ್ಡೆ ಹರಡಿಬಿದ್ದಿತ್ತು. ಮೂರು ರಾತ್ರಿ ಹಿಮ ಕಚ್ಚಬೇಕು, ಆಮೇಲೆ ಬರಿಗಾಲಲ್ಲಿ ತುಳಿದು ನೀರು ಹಿಂಡಿ ಬಿಸಿಲಿಗೆ ಒಣಗಿಸಬೇಕು. ಹಾಗೆ ಕಪ್ಪಗೆ ಒಣಗಿದ ಚುನ್ಯೊ ಮನೆಯಲ್ಲಿದ್ದರೆ ಮುಂದಿನ ಬೆಳೆಯವರೆಗೂ ಹೊಟ್ಟೆಯ ಚಿಂತೆಯಿಲ್ಲ. ಇಲ್ಲದಿದ್ದರೆ ತಾಯಿ ಮಗಳು ಊರವರ ಬಾಗಿಲು ಕಾಯಬೇಕಾಗುತ್ತದೆ. ಎರಡು ರಾತ್ರಿ ಹಿಮ ಚೆನ್ನಾಗಿಯೇ ಬಿದ್ದಿತ್ತು. ಮೋಡ ಕವಿಯುವ ಮುಂಚೆ ಇನ್ನೊಂದೇ ರಾತ್ರಿ ಸಿಕ್ಕಿದರೆ ಸಾಕಿತ್ತು. ಆ ಸಂಜೆ ಮಂಡಿ ಊದಿಕೊಂಡು, ಅವಳು ಗುಡ್ಡ ಹತ್ತಲಾರದೆ ಮಲಗಿಬಿಟ್ಟಳು.

ಬೆಳಿಗ್ಗೆ ನಿಲ್ದಾ ಗುಡ್ಡದಿಂದ ಏದುಸಿರು ಬಿಡುತ್ತಾ ಓಡಿಬಂದಳು.

“ಅವ್ವಾ, ಎಲ್ಲಾ ಹಾಳಾಗ್ಹೋಯ್ತು! ನಿನ್ನ ಅತಿಥಿ ಮಹಾರಾಯ ಗಡ್ಡೆಗೆ ಕಂಬಳಿ ಹೊದಿಸಿದಾನೆ! ಕಂಬಳಿ ಸಾಲದ ಕಡೆ ಹುಲ್ಲು ಮುಚ್ಚಿದಾನೆ. ಹಿಮಕ್ಕೆ ಕೆಟ್ಟುಹೋಗ್ತಾವೆ ಅಂದ್ಕೊಂಡನೋ ಏನೋ!”

“ಒಂದೂ ಗಟ್ಟಿಯಾಗಿಲ್ವೇನೇ?”

“ಎಲ್ಲಾ ಮೆತ್ತಗೆ, ಆಗ್ಲೇ ವಾಸನೆ ಹೊಡೀತಿದೆ. ಮೋಡ ಬೇರೆ ಬಂದಾಯ್ತು, ಇನ್ನು ಹಿಮ ಎಲ್ಲಿಂದ ಬರುತ್ತೆ?”

ಎವಾರಿಸ್ತಾಳ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವರ್ಷ ನುಂಗಿಕೊಂಡಿದ್ದ ಮಾತೆಲ್ಲ ಒಟ್ಟಿಗೇ ನಾಲಿಗೆಗೆ ಬಂತು. ಗೋಡೆ ಹಿಡಿದುಕೊಂಡು ಹೋಗಿ ಅವನ ಕೋಣೆಯ ಬಾಗಿಲು ದೂಡಿದಳು.

ಯೋನಾಸ್ ಬರಿಯ ಹಾಸಿಗೆಯ ಮೇಲೆ ಮುದುಡಿ ಕೂತಿದ್ದ. ತುಟಿ ನೀಲಿಗಟ್ಟಿತ್ತು. ಅವನಿಗೆ ಹೊದೆಯಲು ಕೊಟ್ಟಿದ್ದ ಐದು ಕಂಬಳಿಗಳಲ್ಲಿ ಒಂದೂ ಅಲ್ಲಿರಲಿಲ್ಲ. ಹಲ್ಲು ಕಟಕಟಿಸುತ್ತಾ ಏನೋ ಕೇಳಿದ.

“ಗಡ್ಡೆ ಉಳೀತಾ ಅಂತ ಕೇಳ್ತಿದಾನೆ” ಎಂದಳು ನಿಲ್ದಾ.

ಬೈಯುವುದಕ್ಕೂ ತ್ರಾಣ ಬೇಕಲ್ಲ. ಎವಾರಿಸ್ತಾ ಬಾಗಿಲಿಗೆ ಒರಗಿ ಮಗಳಿಗೆ ಹೇಳಿದಳು.

“ಉಳೀತು ಅನ್ನು. ಈ ಪುಣ್ಯಾತ್ಮನ್ನ ಮೊದ್ಲು ಒಲೆ ಹತ್ರ ಕರ್ಕೊಂಡ್ ಬಾ.”

ಮಡಕೆಯ ತಳದಲ್ಲಿ ಹೋದ ವರ್ಷದ ಚುನ್ಯೊ ಎರಡೇ ಹಿಡಿ ಉಳಿದಿತ್ತು. ಅಷ್ಟನ್ನೂ ಸಾರಿಗೆ ಹಾಕಿ ಕುದಿಸಿ ಅವನ ಬಟ್ಟಲಿಗೆ ಸುರಿದಳು. ಕುಡಿಯುತ್ತಾ ಕುಡಿಯುತ್ತಾ ಅವನ ಮುಖಕ್ಕೆ ಕಳೆ ಬಂತು. ಕಪ್ಪು ತುಂಡೊಂದನ್ನು ಎತ್ತಿ ತೋರಿಸಿ ಮತ್ತೇನೋ ಕೇಳಿದ. ನಿಲ್ದಾ ತುಟಿ ಕಚ್ಚಿಕೊಂಡಳು.

“ಏನಂತೆ?”

“ತುಂಬಾ ರುಚಿಯಾಗಿದೆಯಂತೆ. ಇದನ್ನ ಹೇಗೆ ಮಾಡ್ತೀರಿ ಅಂತಿದಾನೆ. ಹೇಳ್ಲಾ ಅವ್ವಾ?”

ಎವಾರಿಸ್ತಾ ಊದಿದ ಮಂಡಿಯನ್ನು ಒಲೆಯ ಕಡೆ ಚಾಚಿಕೊಂಡಳು. ಕಣ್ಣು ತುಂಬಿ ಬಂದಿತ್ತು.

“ಬೇಡ ಕಣೇ. ಹೊಲದಲ್ಲೇ ಹೀಗೆ ಕಪ್ಪಗೆ ಬೆಳೆಯುತ್ತೆ ಅಂತ ಹೇಳ್ಬಿಡು.”