ಸಮುದ್ರದ ಮರಳಿನ ಗೋಪುರ

ಗೋಪುರದ ಎರಡನೆಯ ಅಂತಸ್ತಿನ ಸೂರಿನಿಂದ ಅಂಗೈಯಗಲದ ಚೂರೊಂದು ಕಳಚಿ ಬುಡದ ಮೆಟ್ಟಿಲ ಮೇಲೆ ಬಿದ್ದಿತ್ತು. ಆಗ ಅಲ್ಲಿ ಯಾರೂ ಇರಲಿಲ್ಲವಂತೆ. ನಮ್ಮ ಆಫೀಸಿನ ಅಕೌಂಟ್ಸ್ ವಿಭಾಗದಲ್ಲಿರುವ ವಿಯೆಟ್ನಾಮಿ ಗೆಳತಿ ಅದರ ಫೋಟೊ ತೋರಿಸಿದಳು. ಅವಳ ಅಜ್ಜಿ ಹೋಗುವ ಬೌದ್ಧ ಪಗೋಡ ಅದು, ಒಮ್ಮೆ ಬಂದು ನೋಡುತ್ತೀಯಾ ಎಂದು ಕೇಳಿದಳು. ನಾನು ಹ್ಯೂಸ್ಟನ್‌ನಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್. ಹಳೆಯ ಪಾರ್ಕಿಂಗ್ ಕಟ್ಟಡಗಳ ಕಾಂಕ್ರೀಟು ಇನ್ನೂ ಗಟ್ಟಿಯಿದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಫೋಟೊದಲ್ಲಿ ಚೂರಿನ ಒಡೆದ ಮೈ ಬೂದು ಬಣ್ಣಕ್ಕಿರಲಿಲ್ಲ, ತುಕ್ಕಿನ ಕಂದು ಬಣ್ಣಕ್ಕಿತ್ತು. ಅದು ನನಗೆ ಹಿಡಿಸಲಿಲ್ಲ.

ಒಂದು ಶನಿವಾರ ಹೋದೆವು. ಎಣ್ಣೆ ಕಾರ್ಖಾನೆಗಳ ಕೊಳವೆಗಳು ಮುಗಿದ ಮೇಲೆ ಹುಲ್ಲು, ಜೌಗು, ಆಮೇಲೆ ಕೊಲ್ಲಿಯ ಮಾಸಲು ನೀರು. ಆ ಸಪಾಟು ನೆಲದಲ್ಲಿ ಎತ್ತರಕ್ಕೆ ನಿಂತದ್ದು ಅದೊಂದೇ. ಆರು ಮೂಲೆಯ, ಏಳು ಅಂತಸ್ತಿನ ಗೋಪುರ. ಅಂತಸ್ತು ಮೇಲೇರಿದಂತೆ ಕಿರಿದಾಗುತ್ತ, ಒಂದೊಂದರ ಸೂರೂ ಮೂಲೆಯಲ್ಲಿ ಮೇಲಕ್ಕೆ ಬಾಗುತ್ತ, ತುದಿಯ ಲೋಹದ ಕಳಶದಲ್ಲಿ ಕೊನೆಯಾಗುತ್ತಿತ್ತು. ಕಳಶದ ಕೆಳಗೊಂದು ದೀಪ. ಸಿಗಡಿ ಹಿಡಿಯಲು ಹೋದ ದೋಣಿಗಳು ಅದನ್ನು ಗುರುತಾಗಿಟ್ಟುಕೊಂಡು ಮರಳುತ್ತಿದ್ದವಂತೆ.

ಸ್ತೂಪ ನಮ್ಮ ಕಡೆಯಿಂದ ಹೊರಟದ್ದು. ಕಾಲೇಜಿನಲ್ಲಿದ್ದಾಗ ಸನ್ನತಿಯ ಬಳಿ ನಾನು ನೋಡಿದ ಸ್ತೂಪ ಭೂಮಿಗೆ ಅಂಟಿಕೊಂಡಂತೆ ಕೂತಿತ್ತು. ಅದೇ ಸ್ತೂಪ ಚೀನಾ ದಾಟಿ ವಿಯೆಟ್ನಾಂ ಸೇರುವಷ್ಟರಲ್ಲಿ ಎದ್ದು ನಿಂತು ಗೋಪುರವಾಯಿತು, ನೆತ್ತಿಯ ಕೊಡೆಗಳೇ ಅಂತಸ್ತುಗಳಾದವು ಎನ್ನುತ್ತಾರೆ. ಅಂತಸ್ತುಗಳು ಯಾವಾಗಲೂ ಬೆಸ ಸಂಖ್ಯೆಯಲ್ಲಿರುತ್ತವೆ. ಇದು ಹತ್ತುವ ಗೋಪುರವಲ್ಲ. ಒಳಗೆ ಸತ್ತವರ ಬೂದಿಯೋ ಮೂಳೆಯೋ ಇರುತ್ತದೆ, ಹೊರಗಿರುವವರು ಅದನ್ನು ಬಲಕ್ಕಿಟ್ಟುಕೊಂಡು ಸುತ್ತು ಬರುತ್ತಾರೆ.

ಇಲ್ಲಿ ಮೊದಲಿದ್ದದ್ದು ಮೀನಿಗೆ ಹಾಕುವ ಮಂಜುಗಡ್ಡೆಯ ಗೋದಾಮು. ವಿಯೆಟ್ನಾಂ ಯುದ್ಧ ಮುಗಿದ ಮೇಲೆ ದೋಣಿಗಳಲ್ಲಿ ದೇಶ ಬಿಟ್ಟು ಬಂದವರು ಅದರಲ್ಲೇ ಬುದ್ಧನನ್ನು ಕೂರಿಸಿದರು. ಗೋಪುರವನ್ನು ಅವರೇ ಭಾನುವಾರಗಳಲ್ಲಿ ಸೇರಿ ಕಟ್ಟಿದರು. ಹಿಂದೆ ಮೇಸ್ತ್ರಿಯಾಗಿದ್ದವನೊಬ್ಬ ಕಂಬಿ ಬಗ್ಗಿಸಿದ, ಉಳಿದವರೆಲ್ಲ ಮೀನುಗಾರರು. ಪಗೋಡವನ್ನು ನೋಡಿಕೊಳ್ಳುವ ಹಿರಿಯ ಭಿಕ್ಷುಣಿ ಇಷ್ಟನ್ನು ಹೇಳಿ ಚಹಾ ಕೊಟ್ಟರು. ಗೆಳತಿ ಅನುವಾದಿಸುತ್ತಿದ್ದಳು.

ನಾನು ಸುತ್ತಿಗೆಯಿಂದ ಗೋಡೆಯನ್ನು ತಟ್ಟುತ್ತ ಸುತ್ತು ಬಂದೆ. ಕಡಲಿಗೆ ಮುಖ ಮಾಡಿದ ಕಡೆ ಟೊಳ್ಳು ಸದ್ದು ಬರುವುದೆಂದು ಗೊತ್ತಿತ್ತು. ಉಪ್ಪುಗಾಳಿ ಬಡಿದು ಕಂಬಿ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಆದರೆ ಗಾಳಿಯೇ ತಾಕದ ಹಿಂಬದಿಯಲ್ಲೂ ಅದೇ ಸದ್ದು ಬಂತು. ಅಲ್ಲಲ್ಲಿ ಕೊರೆದು ಪುಡಿ ತೆಗೆದುಕೊಂಡು ಬಂದು ಪರೀಕ್ಷೆಗೆ ಕೊಟ್ಟೆ. ಕಡಲಂಚಿನ ಕಟ್ಟಡದಲ್ಲಿ ಉಪ್ಪು ಹೊರಮೈಯಲ್ಲಿ ಹೆಚ್ಚಿದ್ದು, ಒಳಕ್ಕೆ ಹೋದಂತೆ ಕಡಿಮೆಯಾಗಬೇಕು. ಇಲ್ಲಿ ಆಳದಲ್ಲೂ ಅಷ್ಟೇ ಇತ್ತು. ಎಂದರೆ ಉಪ್ಪು ಹೊರಗಿನಿಂದ ಬಂದದ್ದಲ್ಲ, ಕಟ್ಟಿದ ದಿನದಿಂದಲೇ ಒಳಗಿತ್ತು.

ಮತ್ತೆ ಹೋಗಿ, ಮರಳು ಎಲ್ಲಿಂದ ತಂದಿರಿ ಎಂದು ಭಿಕ್ಷುಣಿಯವರನ್ನು ಕೇಳಿದೆ. ಅವರು ಕಿಟಕಿಯಾಚೆಯ ನೀರಿನ ಅಂಚನ್ನು ತೋರಿಸಿದರು. ಲಾರಿಯಲ್ಲಿ ಒಳ್ಳೆಯ ಮರಳೂ ಬಂದಿತ್ತಂತೆ. ಆದರೆ ದೇಶ ಬಿಟ್ಟು ಬರುವಾಗ ಸಮುದ್ರದಲ್ಲಿ ಮುಳುಗಿದವರು ಪ್ರತಿ ಮನೆಯಲ್ಲೂ ಇದ್ದರು. ಅವರ ಬೂದಿಯಿಲ್ಲ, ಮೂಳೆಯಿಲ್ಲ. ಆದ್ದರಿಂದ ಮನೆಗೆ ಇಂತಿಷ್ಟೆಂದು ಬಕೆಟ್ಟುಗಳಲ್ಲಿ ಈ ದಡದ ಒದ್ದೆ ಮರಳು ತುಂಬಿ ತಂದರು. ಕಳೆದುಕೊಂಡವರ ಹೆಸರನ್ನು ಒಮ್ಮೆ ಕೂಗಿ ಕಾಂಕ್ರೀಟ್ ಮಿಕ್ಸರಿಗೆ ಸುರಿದರು. ಸಮುದ್ರವೆಲ್ಲ ಒಂದೇ ನೀರು ಎಂದು ಅವರ ಲೆಕ್ಕ. ಯಾರ ಹೆಸರು ಯಾವ ಅಂತಸ್ತಿನ ಯಾವ ಮಗ್ಗುಲಲ್ಲಿದೆ ಎಂಬುದು ಮುದುಕಿಯರಿಗೆಲ್ಲ ನೆನಪಿದೆ. ಗೆಳತಿಯ ಅಜ್ಜಿಯ ತಮ್ಮ ಕೆಳಗಿನ ಅಂತಸ್ತಿನ ಹಿಂಬದಿಯಲ್ಲಿ.

ಭಿಕ್ಷುಣಿ ನನ್ನನ್ನೇ ನೋಡುತ್ತಿದ್ದರು. "ಬೀಳಬಹುದು ಅಂತೀಯೋ, ಬೀಳುತ್ತೆ ಅಂತೀಯೋ?"

"ಬೀಳುತ್ತೆ," ಎಂದೆ. "ಯಾವತ್ತು ಅಂತ ಹೇಳೋಕಾಗಲ್ಲ. ಯಾರೂ ಕೆಳಗಿಲ್ಲದಾಗ ನಾವೇ ಇಳಿಸಬೇಕು."

ಹಿರಿಯರು ಸಭೆ ಸೇರಿ ಒಪ್ಪಿದರು. ಆದರೆ ಅವರ ಏಳನೆಯ ತಿಂಗಳ ಹುಣ್ಣಿಮೆಗೆ ಮುಂಚೆ ಆಗದು ಎಂದರು. ಅದು ಸತ್ತವರನ್ನು ಕರೆದು ಉಣಿಸುವ ದಿನ. ಅವರಿಗೆ ಹೇಳದೆ ಅವರ ಮನೆ ಕೆಡವುವುದು ಹೇಗೆ? ಆ ವರ್ಷ ಅದು ನಮ್ಮ ನೂಲು ಹುಣ್ಣಿಮೆಯ ಹೊತ್ತಿಗೇ ಬಿದ್ದಿತ್ತು. ಕೊಲ್ಲಿಯ ನೀರು ಬಿಸಿಯಾಗಿ ಚಂಡಮಾರುತಗಳು ಏಳುವುದೂ ಆಗಲೇ. ಗೋಪುರ ಯಾವ ಕಡೆಗೆ ವಾಲಿದರೂ ತಲುಪದಷ್ಟು ದೂರದಲ್ಲಿ ಸುತ್ತಲೂ ಹಳದಿ ಹಗ್ಗ ಕಟ್ಟಿಸಿ ಬಂದೆ.

ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ನಾನಿರುವುದು ಚಿಕ್ಕಮ್ಮನ ಮನೆಯ ಮಹಡಿಯಲ್ಲಿ. ಆಸ್ಟಿನ್‌ನಲ್ಲಿ ಎಂ.ಎಸ್. ಮುಗಿಸಿದಾಗಿನಿಂದ ಅಲ್ಲೇ. ಊಟದ ಹೊತ್ತಿನಲ್ಲೂ ನಾನು ಹವಾಮಾನದ ನಕ್ಷೆ ತೆರೆದಿಡುವುದನ್ನು ಕಂಡು ಅವರು ವಿಷಯ ಬಿಡಿಸಿ ಕೇಳಿದರು.

"ನಿಂಗ್ಯಾಕೆ ಬೇಕಿತ್ತೇ ಈ ಉಸಾಬರಿ?" ಎಂದರು. ಆಮೇಲೆ ಅನ್ನ ಬಡಿಸುತ್ತ, "ನಮ್ಮಲ್ಲೂ ಹೆಣ ಸಿಗ್ಲಿಲ್ಲ ಅಂದ್ರೆ ದರ್ಭೇಲಿ ಗೊಂಬೆ ಮಾಡಿ ಸುಡ್ತಾರೆ ಕಣೇ. ಸುಟ್ರೆ ಮುಗೀತು. ಇವರು ಪಾಪ, ಮುಗಿಯೋಕೇ ಬಿಟ್ಟಿಲ್ಲ," ಎಂದರು.

ಜುಲೈ ಕಳೆಯಿತು. ನಕ್ಷೆಯ ಮೇಲೆ ಒಂದು ಕೆಂಪು ಸುಳಿ ಎದ್ದು, ನಮ್ಮತ್ತ ತಿರುಗಿ, ಬೇರೆ ದಡಕ್ಕೆ ಹೋಯಿತು. ಅಂಚಿನ ಗಾಳಿ ಮಾತ್ರ ಇಲ್ಲಿಗೆ ಬೀಸಿತು. ಮರುದಿನ ಭಿಕ್ಷುಣಿ ಕಳಿಸಿದ ಫೋಟೊದಲ್ಲಿ ಬುಡದಲ್ಲಿ ಮೊದಲು ಕೂದಲೆಳೆಯಷ್ಟಿದ್ದ ಬಿರುಕು ನನ್ನ ಬೆರಳು ತೂರುವಷ್ಟಾಗಿತ್ತು. ಇಷ್ಟು ದಿನ ನಿಂತಿದೆಯಲ್ಲ, ಇನ್ನು ಕೆಲವು ದಿನ ನಿಲ್ಲುತ್ತದೆ ಎಂದು ಹಿರಿಯರು ಹೇಳಿಕಳಿಸಿದರು.

ಹುಣ್ಣಿಮೆಯ ದಿನ ಎಲೆ ಅಲುಗಲಿಲ್ಲ. ಸಮುದ್ರ ಎಣ್ಣೆಯಂತೆ ಮಲಗಿತ್ತು. ಡಲ್ಲಾಸ್, ಆಸ್ಟಿನ್‌ಗಳಿಂದಲೂ ಮಕ್ಕಳು ಮೊಮ್ಮಕ್ಕಳು ಡ್ರೈವ್ ಮಾಡಿಕೊಂಡು ಬಂದಿದ್ದರು. ಬಾಗಿಲಲ್ಲೇ ಗುಲಾಬಿ ಕೊಡುತ್ತಿದ್ದರು: ತಾಯಿ ಇದ್ದವರಿಗೆ ಕೆಂಪು, ಇಲ್ಲದವರಿಗೆ ಬಿಳಿ. ನಾನು ಬಿಳಿಯದನ್ನು ತೆಗೆದುಕೊಂಡೆ.

ಜನ ಹೆಚ್ಚಾದರೆಂದು ಶಾಮಿಯಾನದವರು ಹಗ್ಗವನ್ನು ಒಳಕ್ಕೆ ಸರಿಸಿ, ಆ ಜಾಗದಲ್ಲಿ ಕುರ್ಚಿ ಹಾಕಿದ್ದರು. ತೆಗೆಯಿರಿ ಎಂದೆ. ಒಬ್ಬ ಅಂಕಲ್ ಪಕ್ಕದವರಿಗೆ ಏನೋ ಹೇಳಿ ನಕ್ಕರು. ಗೆಳತಿ ಅದನ್ನು ಅನುವಾದಿಸಿದ್ದು ಆಮೇಲೆ: "ಎದ್ದೇಳ್ರಪ್ಪ, ಈ ಹುಡುಗಿ ಕಣ್ಣು ಬಿಟ್ಟು ನೋಡಿದ್ರೇ ಗೋಪುರ ಬಿದ್ದುಹೋಗುತ್ತೆ." ಎದ್ದವರು ಕೆಲವರು, ಉಳಿದವರು ಊಟ ಮುಂದುವರಿಸಿದರು.

ಮಂತ್ರಪಠಣ ಮುಗಿದ ಮೇಲೆ ಭಿಕ್ಷುಣಿ ನನ್ನ ಬಳಿ ಬಂದು, ಮುದುಕಿಯರು ಕೊನೆಯ ಸಲ ಗೋಡೆ ಮುಟ್ಟಬಹುದೇ ಎಂದು ಕೇಳಿದರು. ಬೇಡ ಎಂದೆ. ಅವರು ತಲೆಯಾಡಿಸಿದರು. ನಾವು ಮಾತಾಡುತ್ತಿರುವಾಗಲೇ ಗೆಳತಿಯ ಅಜ್ಜಿ ಹಗ್ಗ ಎತ್ತಿ, ಬಗ್ಗಿ, ಆಚೆ ಹೋಗಿ ಗೋಪುರದ ಹಿಂದೆ ಮರೆಯಾದರು. ಉಳಿದ ಮುದುಕಿಯರು ಹಗ್ಗದ ಉದ್ದಕ್ಕೂ ಬಂದು ನಿಂತರು.

ನಾನೂ ಹಗ್ಗ ದಾಟಿ ಹೋದೆ. ಹಿಂದೆ ಗೆಳತಿಯೂ ಬಂದಳು. ಅಜ್ಜಿ ಗೋಡೆಗೆ ಎರಡೂ ಅಂಗೈಗಳನ್ನೂ ಕಿವಿಯನ್ನೂ ಒತ್ತಿ ನಿಂತಿದ್ದರು. ನನಗೆ ಬೇಡವಾಗಿದ್ದರೂ ಅವರ ಪಕ್ಕದಲ್ಲಿ ಕೈಯಿಟ್ಟೆ. ಒಳಗೆ ಏನೋ ಚಟ್ಟೆಂದಿತು. ಸ್ವಲ್ಪ ಬಿಟ್ಟು ಇನ್ನೊಮ್ಮೆ, ಇನ್ನೂ ಹತ್ತಿರದಲ್ಲಿ.

"ಕೇಳಿಸ್ತಾ?" ಎಂದರು ಅಜ್ಜಿ. ಗೆಳತಿ ಅಜ್ಜಿಯ ಮಾತನ್ನು ಅನುವಾದಿಸುತ್ತ ಹೋದಳು. "ನನ್ನ ತಮ್ಮ ಹೊರಗೆ ಬರೋಕೆ ನೋಡ್ತಿದಾನೆ."

ಅದು ತುಕ್ಕು ಹಿಡಿದ ಕಂಬಿಯ ಸದ್ದು ಎಂದು ಹೇಳಬಹುದಿತ್ತು. "ಹಾಗಾದ್ರೆ ದಾರಿ ಬಿಡೋಣ ಅಜ್ಜಿ," ಎಂದೆ. "ನೀವು ಬಾಗಿಲಲ್ಲೇ ನಿಂತಿದೀರ."

ಅವರು ನನ್ನ ಮುಖ ನೋಡಿದರು. ನಾನು ಆಟವಾಡುತ್ತಿದ್ದೇನೆಯೇ ಎಂದು ಪರೀಕ್ಷಿಸುತ್ತಿದ್ದಂತಿತ್ತು. ಮತ್ತೆ ಒಳಗೆ ಸದ್ದಾಯಿತು. ಅವರು ಕೈ ತೆಗೆದು ನನ್ನ ತೋಳು ಹಿಡಿದುಕೊಂಡರು. ಹಗ್ಗದ ಬಳಿ ನಿಂತವರಿಗೆ ಅವರೇ ಏನೋ ಹೇಳಿದರು. ಮುದುಕಿಯರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಊಟಕ್ಕೆ ಕೂತಿದ್ದವರೂ ಎದ್ದರು. ಸಂಜೆಯೊಳಗೆ ಅಂಗಳ ಖಾಲಿಯಾಯಿತು. ಭಿಕ್ಷುಣಿಯೂ ಗೆಳತಿಯ ಮನೆಗೆ ಹೋದರು.

ಕೆಡವುವವರು ಆ ವಾರವೇ ಬಂದರು. ನಾನು ರಸ್ತೆಯಲ್ಲಿ ನಿಂತು ನೋಡಿದೆ. ಸಮುದ್ರದ ಕಡೆಗೆ ಬೀಳಿಸಬೇಕೆಂದು ನಾವು ಮಾತಾಡಿಕೊಂಡಿದ್ದೆವು. ಯಂತ್ರದ ತೋಳು ಇನ್ನೂ ಗೋಡೆಗೆ ತಾಕಿರಲಿಲ್ಲ, ನೆಲ ಅದುರಿದ್ದಷ್ಟೇ. ಗೋಪುರ ಬುಡದಲ್ಲಿ ಮಂಡಿಯೂರಿ ದಡದ ಕಡೆಗೆ ವಾಲಿತು. ಹಬ್ಬಕ್ಕೆ ಸರಿಸಿದ್ದ ಹಗ್ಗ ದಾಟಿ, ಕುರ್ಚಿ ಹಾಕಿದ್ದ ಜಾಗದ ಉದ್ದಕ್ಕೂ ಮಲಗಿತು. ಧೂಳು ಇಳಿಯಲು ತುಂಬ ಹೊತ್ತು ಹಿಡಿಯಿತು. ಯಂತ್ರದವನು ಎಂಜಿನ್ ಆರಿಸಿ, ಇಳಿಯದೆ ಹಾಗೇ ಕೂತಿದ್ದ.

ಫೋನ್ ಬಂತು. ಗೆಳತಿ. ಅಜ್ಜಿ ಕೇಳುತ್ತಿದ್ದಾರೆ, ಯಾವ ಕಡೆಗೆ ಬಿತ್ತು?

ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ನೀವೆಲ್ಲ ಕೂತಿದ್ರಲ್ಲ, ಆ ಕಡೆಗೆ," ಎಂದೆ.

ಅತ್ತ ಅವರ ಭಾಷೆಯಲ್ಲಿ ಒಂದೆರಡು ಮಾತು ನಡೆಯಿತು. ಆಮೇಲೆ ಗೆಳತಿ ಹೇಳಿದಳು: "ಹಾಗಾದ್ರೆ ದಡ ಸೇರಿದ, ಅಂತಿದಾರೆ."